ಫೈರ್‌ವಾಲ್‌ಗೆ ಕೀ ಲಾಗಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪಿಎಫ್‌ಸೆನ್ಸ್ ಫೈರ್‌ವಾಲ್‌ನ ‘ಆಥರೈಸ್ಡ್ ಕೀಸ್’ ಫೈಲ್‌ಗೆ ನನ್ನ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡ್ ಬದಲು ಬಳಸುವ ಕೀ) ಸೇರಿಸಿದ್ದೆ. ಚೆನ್ನಾಗಿಯೇ ಲಾಗಿನ್ ಆಗುತ್ತಿತ್ತು. ರೀಬೂಟ್ ಮಾಡಿದ ಮೇಲೆ ‘ಪರ್ಮಿಷನ್ ಡಿನೈಡ್’ ಬರುತ್ತಿದೆ. ಫೈಲ್‌ನಲ್ಲಿ ನನ್ನ ಕೀ ಇಲ್ಲವೇ ಇಲ್ಲ. ಅಳಿಸಿದ್ದು ಯಾರು?

ಉತ್ತರ: ಅಳಿಸಿದ್ದು ಫೈರ್‌ವಾಲೇ. ಪಿಎಫ್‌ಸೆನ್ಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಕಾನ್ಫಿಗ್ ಫೈಲ್‌ನಲ್ಲಿ ಇಟ್ಟುಕೊಂಡು, ಉಳಿದವನ್ನು ಅದರಿಂದ ಹೊಸದಾಗಿ ಬರೆಯುತ್ತದೆ. ನೀವು ಕೈಯಾರೆ ಸೇರಿಸಿದ ಸಾಲು ಆ ಕಾನ್ಫಿಗ್‌ನಲ್ಲಿ ಇಲ್ಲ, ಹಾಗಾಗಿ ಉಳಿಯಲಿಲ್ಲ. ವೆಬ್ ಪುಟದಲ್ಲಿ ಸಿಸ್ಟಮ್, ಯೂಸರ್ ಮ್ಯಾನೇಜರ್‌ಗೆ ಹೋಗಿ, ನಿಮ್ಮ ಬಳಕೆದಾರ ಖಾತೆ ತೆರೆದು, ‘ಆಥರೈಸ್ಡ್ ಎಸ್‌ಎಸ್‌ಎಚ್ ಕೀಸ್’ ಚೌಕದಲ್ಲಿ ಅಂಟಿಸಿ ಸೇವ್ ಮಾಡಿ. ಇನ್ನು ಬೂಟ್ ಎಷ್ಟು ಸಲ ಆದರೂ ಹೋಗದು.

ಅಂಟಿಸುವಾಗ ಎಚ್ಚರ: ಪಬ್ಲಿಕ್ ಕೀ (ಕೀ ಜೋಡಿಯಲ್ಲಿ ಫೈರ್‌ವಾಲ್‌ಗೆ ಕೊಡುವ ಭಾಗ, ಪ್ರೈವೇಟ್ ಕೀ ನಿಮ್ಮ ಬಳಿಯೇ ಇರುತ್ತದೆ) ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಎಸ್‌ಎಸ್‌ಎಚ್‌ಗೆ ಪುಟ್ಟಿ ತಂತ್ರಾಂಶ ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅದರ ಕೀ ತಯಾರಿಸುವ ಸಾಧನ ಪುಟ್ಟಿಜೆನ್‌ನ ‘ಸೇವ್ ಪಬ್ಲಿಕ್ ಕೀ’ ಒತ್ತಿದರೆ ಬರುವ ಫೈಲ್ ಹಲವು ಸಾಲಿನ ಬೇರೆ ರೂಪದ್ದು, ಫೈರ್‌ವಾಲಿನಲ್ಲಿ ಎಸ್‌ಎಸ್‌ಎಚ್ ಲಾಗಿನ್ ನಡೆಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ ಅದನ್ನು ‘ಆಥರೈಸ್ಡ್ ಕೀಸ್’ ಫೈಲ್‌ನಲ್ಲಿ ಒಪ್ಪುವುದಿಲ್ಲ. ಅದೇ ಕಿಟಕಿಯ ಮೇಲ್ಭಾಗದ ಚೌಕದಲ್ಲಿ ಕಾಣುವ ಪಠ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಾಪಿ ಮಾಡಿ.

ಅಡ್ಮಿನ್ ಅಲ್ಲದ ಖಾತೆಯಾದರೆ ‘ಶೆಲ್ ಅಕೌಂಟ್ ಆಕ್ಸೆಸ್’ (ಕಮಾಂಡ್ ಪರದೆ ಬಳಸುವ) ಅನುಮತಿಯನ್ನೂ ಕೊಡಬೇಕು. ಇಲ್ಲದಿದ್ದರೆ ಕೀ ಒಪ್ಪಿಗೆಯಾದರೂ ಸಂಪರ್ಕ ತಕ್ಷಣ ಕಡಿದುಹೋಗುತ್ತದೆ. ಕೀಯಲ್ಲೇ ದೋಷವೆಂದು ಸುಮ್ಮನೆ ಹುಡುಕುತ್ತಾ ಕೂರುವಂತಾಗುತ್ತದೆ.

ಪ್ರಶ್ನೆ: ಕೀ ಸರಿಯಾದ ಜಾಗದಲ್ಲೇ ಇದೆ, ಆದರೂ ಒಳಗೆ ಬಿಡುತ್ತಿಲ್ಲ. ದೋಷ ನನ್ನ ಕಂಪ್ಯೂಟರಿನದೋ, ಫೈರ್‌ವಾಲಿನದೋ ತಿಳಿಯುವುದು ಹೇಗೆ?

ಉತ್ತರ: ಊಹೆ ಬೇಡ. ಎಸ್‌ಎಸ್‌ಎಚ್ ಕಮಾಂಡ್‌ಗೆ ‘-ವಿ’ ಸೇರಿಸಿ ಓಡಿಸಿ, ಬರುವ ಸಾಲುಗಳನ್ನು ಓದಿ. ‘ಆಫರಿಂಗ್ ಪಬ್ಲಿಕ್ ಕೀ’ ಎಂಬ ಸಾಲಿನಲ್ಲಿ ನಿಮ್ಮ ಕೀ ಕಾಣದಿದ್ದರೆ ಕಂಪ್ಯೂಟರು ಅದನ್ನು ಕಳಿಸಿಯೇ ಇಲ್ಲ. ‘-ಐ’ ಕೊಟ್ಟು ಪ್ರೈವೇಟ್ ಕೀ ಫೈಲನ್ನು ತೋರಿಸಿ. ಆ ಸಾಲು ಇದ್ದು, ‘ಸರ್ವರ್ ಆಕ್ಸೆಪ್ಟ್ಸ್ ಕೀ’ ಬರದಿದ್ದರೆ ತೊಡಕು ಹೆಚ್ಚಾಗಿ ಫೈರ್‌ವಾಲಿನ ಕಡೆ: ತಪ್ಪು ಖಾತೆ, ತುಂಡಾದ ಕೀ, ಇಲ್ಲವೇ ಫೈಲ್ ಅನುಮತಿ. ಹೋಮ್ ಫೋಲ್ಡರ್, ‘.ಎಸ್‌ಎಸ್‌ಎಚ್’ ಫೋಲ್ಡರ್, ಕೀ ಫೈಲ್ ಈ ಮೂರರಲ್ಲಿ ಯಾವುದನ್ನಾದರೂ ಬೇರೆಯವರು ತಿದ್ದಲು ಸಾಧ್ಯವಿದ್ದರೆ ಓಪನ್‌ಎಸ್‌ಎಸ್‌ಎಚ್ ಕೀಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘.ಎಸ್‌ಎಸ್‌ಎಚ್’ ಫೋಲ್ಡರ್‌ಗೆ 700, ಕೀ ಫೈಲ್‌ಗೆ 600 (ಎರಡೂ ಖಾತೆಯ ಮಾಲೀಕರಿಗೆ ಮಾತ್ರ ಎಂಬ ಅನುಮತಿ ಸಂಖ್ಯೆಗಳು) ಇರಲಿ. ನಿರಾಕರಣೆಯ ನಿಜವಾದ ಕಾರಣ ನಿಮ್ಮ ಪರದೆಯಲ್ಲಿ ಬರುವುದಿಲ್ಲ, ಫೈರ್‌ವಾಲಿನ ಲಾಗ್‌ನಲ್ಲಿ ಇರುತ್ತದೆ. ಅದನ್ನು ತಪ್ಪದೆ ನೋಡಿ.

‘ನೋ ಮ್ಯೂಚುವಲ್ ಸಿಗ್ನೇಚರ್ ಆಲ್ಗರಿದಮ್’ ಎಂದು ಬಂದರೆ ಸಾಧನ ಹಳೆಯದು. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಎಸ್‌ಎಚ್‌ಎ-1 (ಹಳೆಯ ಹ್ಯಾಷ್ ಕ್ರಮ) ಆಧಾರದ ಆರ್‌ಎಸ್‌ಎ (ಕೀಯ ಒಂದು ಬಗೆ) ಸಹಿಗಳು ತಾನಾಗಿಯೇ ಬಂದ್. ಆರ್‌ಎಸ್‌ಎ ಕೀ ಕೆಟ್ಟಿಲ್ಲ, ಸಹಿ ಹಾಕುವ ಹಳೆಯ ಕ್ರಮ ಕೈಬಿಟ್ಟಿದೆ ಅಷ್ಟೆ. ಫರ್ಮ್‌ವೇರ್ ಅಪ್‌ಡೇಟ್ ಮಾಡುವುದೇ ಒಳ್ಳೆಯ ದಾರಿ. ಅದಾಗುವವರೆಗೆ ಆ ಒಂದು ಸಾಧನಕ್ಕೆ ಮಾತ್ರ ‘ಪಬ್‌ಕೀ ಆಕ್ಸೆಪ್ಟೆಡ್ ಆಲ್ಗರಿದಮ್ಸ್’ ಆಯ್ಕೆಗೆ ‘+ಎಸ್‌ಎಸ್‌ಎಚ್-ಆರ್‌ಎಸ್‌ಎ’ ಸೇರಿಸಿ. ಎಲ್ಲ ಸಾಧನಗಳಿಗೂ ಹಾಕಬೇಡಿ.

‘ಟೂ ಮೆನಿ ಆಥೆಂಟಿಕೇಷನ್ ಫೇಲ್ಯೂರ್ಸ್’ ಬಂದರೆ ನಿಮ್ಮ ಏಜೆಂಟಿನಲ್ಲಿ (ಕಂಪ್ಯೂಟರಿನಲ್ಲಿ ಕೀಗಳನ್ನು ಇಟ್ಟುಕೊಂಡು ಒದಗಿಸುವ ಪ್ರೋಗ್ರಾಂ) ಕೀಗಳು ಜಾಸ್ತಿಯಾಗಿವೆ. ಒಂದೊಂದನ್ನೂ ಕೊಟ್ಟು ನೋಡುವಷ್ಟರಲ್ಲಿ ಪ್ರಯತ್ನದ ಮಿತಿ (ಓಪನ್‌ಎಸ್‌ಎಸ್‌ಎಚ್‌ನಲ್ಲಿ ಸಾಮಾನ್ಯವಾಗಿ 6) ಮುಗಿದುಹೋಗುತ್ತದೆ. ‘ಐಡೆಂಟಿಟೀಸ್ ಓನ್ಲಿ’ಗೆ ‘ಯೆಸ್’ ಕೊಟ್ಟು, ಬೇಕಾದ ಕೀಯನ್ನಷ್ಟೇ ಹೆಸರಿಸಿ.

ಇನ್ನೊಂದು. ಇಷ್ಟು ಹೊತ್ತು ‘ಡಿನೈಡ್’ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ‘ಟೈಮ್‌ಔಟ್’ ಆದರೆ, ಸೋತ ಪ್ರಯತ್ನಗಳನ್ನು ಎಣಿಸುತ್ತಿದ್ದ, ಫೈರ್‌ವಾಲಿನ ಕಾವಲು ಪ್ರೋಗ್ರಾಂ ಎಸ್‌ಎಸ್‌ಎಚ್‌ಗಾರ್ಡ್ ನಿಮ್ಮ ಐಪಿಯನ್ನು ತಡೆದಿರಬಹುದು. ಸ್ವಲ್ಪ ಹೊತ್ತು ಸುಮ್ಮನಿರಿ. ಮತ್ತೆ ಮತ್ತೆ ಪ್ರಯತ್ನಿಸಿದರೆ ತಡೆಯ ಅವಧಿ ಬೆಳೆಯುತ್ತದೆ.

ಪ್ರಶ್ನೆ: ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆಂದೇ ಇರುವ ಮುಕ್ತ ತಂತ್ರಾಂಶ) ರೂಟರ್‌ನಲ್ಲೂ ಇದೇ ಕ್ರಮವೇ?

ಉತ್ತರ: ಅಲ್ಲ. ಅದರಲ್ಲಿ ಓಪನ್‌ಎಸ್‌ಎಸ್‌ಎಚ್ ಬದಲು ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ತಂತ್ರಾಂಶ ಇರುತ್ತದೆ. ರೂಟ್ (ಮುಖ್ಯ ಅಡ್ಮಿನ್) ಖಾತೆಯ ಕೀಗಳು ‘ಈಟಿಸಿ’ಯೊಳಗಿನ ‘ಡ್ರಾಪ್‌ಬೇರ್’ ಫೋಲ್ಡರ್‌ನಲ್ಲಿ ಇರಬೇಕು. ಇಡಿ25519 ಎಂಬ ಹೊಸ ಬಗೆಯ ಕೀ ಡ್ರಾಪ್‌ಬೇರ್‌ಗೆ ತಿಳಿದದ್ದು 2020.79 ಆವೃತ್ತಿಯಿಂದ, ಅದಕ್ಕಿಂತ ಹಳೆಯದಾದರೆ ಆರ್‌ಎಸ್‌ಎ ಕೀ ಕೊಡಿ. ನಿರಾಕರಣೆಯ ಕಾರಣ ಹುಡುಕಲು ರೂಟರ್‌ನಲ್ಲಿ ‘ಲಾಗ್‌ರೀಡ್’ ಓಡಿಸಿ. ಲಾಗಿನ್ ಆದರೂ ಎಸ್‌ಸಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ಕಳಿಸುವ ಕಮಾಂಡ್) ಇಂದ ಫೈಲ್ ಹೋಗದಿದ್ದರೆ ಆ ಕಮಾಂಡ್‌ಗೆ ಇಂಗ್ಲಿಷ್ ದೊಡ್ಡಕ್ಷರದ ‘-ಓ’ ಸೇರಿಸಿ. ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗಿಂದೊಳಗೆ ಎಸ್‌ಎಫ್‌ಟಿಪಿ ಎಂಬ ಬೇರೆ ಫೈಲ್ ವರ್ಗಾವಣೆ ಕ್ರಮ ಬಳಸುತ್ತದೆ, ಅದರ ಸರ್ವರ್ ಆ ರೂಟರ್‌ನಲ್ಲಿ ಇಲ್ಲದಿರಬಹುದು.

ಪ್ರಶ್ನೆ: ಇನ್ನು ಪಾಸ್‌ವರ್ಡ್ ಲಾಗಿನ್ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಲೇಬೇಕು, ಆದರೆ ಈಗಿರುವ ಸೆಷನ್ ಮುಚ್ಚದೆ. ಪಿಎಫ್‌ಸೆನ್ಸ್‌ನಲ್ಲಿ ‘ಪಬ್ಲಿಕ್ ಕೀ ಓನ್ಲಿ’ ಆರಿಸಿ ಸೇವ್ ಮಾಡಿ, ಎರಡನೇ ಕಿಟಕಿಯಿಂದ ಹೊಸದಾಗಿ ಲಾಗಿನ್ ಮಾಡಿ ನೋಡಿ. ಅದು ಆದ ಮೇಲೆಯೇ ಮೊದಲಿನದನ್ನು ಮುಚ್ಚಿ. ಕನ್ಸೋಲ್ ಕೇಬಲ್ ಕೈಗೆ ಸಿಗುವಂತಿರಲಿ. ಕೀ ಇದೆಯೆಂದು ಎಸ್‌ಎಸ್‌ಎಚ್ ಪೋರ್ಟನ್ನು ಇಂಟರ್ನೆಟ್ ಕಡೆಗೆ ತೆರೆದಿಡಬೇಡಿ. ಹೊರಗಿನಿಂದ ಬರುವುದಾದರೆ ವಿಪಿಎನ್ ಮೂಲಕವೇ ಬನ್ನಿ.