ಹಳ್ಳಿಯ ಗ್ರಂಥಾಲಯದಲ್ಲಿ ಮಕ್ಕಳನ್ನೂ ಹೈಸ್ಕೂಲ್ ಹುಡುಗರನ್ನೂ ನೋಡಿಕೊಳ್ಳುವುದನ್ನು ಎಲ್ಲಿ ಕಲಿಯುವುದು?

ಇಂಡಿ ಕಡೆಯ ಒಂದು ಪಂಚಾಯಿತಿ ಗ್ರಂಥಾಲಯಕ್ಕೆ ಹೊಸದಾಗಿ ಸೇರಿದ್ದೀರಿ. ಕೈಯಲ್ಲಿರುವುದು ಪಿಯುಸಿ ಮತ್ತು ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್. ಸಂಜೆಯಾದರೆ ನಲವತ್ತು ಹುಡುಗರು ಬಂದು ತುಂಬಿಕೊಳ್ಳುತ್ತಾರೆ, ಇವರಿಗೆ ಏನು ಮಾಡಬೇಕು, ತರಬೇತಿ ಎಲ್ಲಿ, ಸಾಮಗ್ರಿ ಎಲ್ಲಿ, ದುಡ್ಡು ಎಲ್ಲಿಂದ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ, ರಬಕವಿ-ಬನಹಟ್ಟಿ ಹತ್ತಿರದ ಹಳ್ಳಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವರು ಅನ್ನಿಸಿತು, ಅದಕ್ಕೇ ತಂಗಿ ಅಂತ ಕರೆಯುತ್ತೇನೆ, ತಪ್ಪು ತಿಳಿಯಬೇಡಿ.

ಡಿಗ್ರಿ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, ಈ ಕಡೆ ಬೆಳಗಾವಿಯ ರಾಣಿ ಚನ್ನಮ್ಮ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಮೂರರಲ್ಲೂ ಗ್ರಂಥಾಲಯ ವಿಜ್ಞಾನ ಇದೆ. ಕೆಲಸ ಬಿಡಲು ಆಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಲ್ಲವೆ ದಿಲ್ಲಿಯ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೊ. ಮುಂದೆ ಹುದ್ದೆಗೆ, ಪಗಾರಕ್ಕೆ ಬೇಕಾಗುತ್ತದೆ, ಅವಶ್ಯ ಮಾಡಿ. ಆದರೆ ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರು ಕೊಡುವ ಡ್ಯೂಯಿ ದಶಾಂಶ ವರ್ಗೀಕರಣ ಬಾಯಿಪಾಠ ಬಂತು ಅಂತ ಮೂರನೇ ಇಯತ್ತೆಯ ಹುಡುಗ ನಿಮ್ಮ ಮುಂದೆ ಹತ್ತು ನಿಮಿಷ ಕೂಡುವುದಿಲ್ಲ. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವಲ್ಲ, ಅಲ್ಲಿಂದ ಇಲಾಖೆಯ ತರಬೇತಿಗಳೂ ಇವೆ. ಕರೆದಾಗ ತಪ್ಪಿಸಬೇಡಿ. ಊಟದ ಹೊತ್ತಿಗೆ ಪಕ್ಕದ ತಾಲೂಕಿನವರು ತಟ್ಟೆ ಹಿಡಿದುಕೊಂಡು ಹೇಳುವುದರಲ್ಲೇ ಅರ್ಧ ತರಬೇತಿ ಇರುತ್ತದೆ.

ಇನ್ನು ನಿಜವಾದ ಮಾತು. ನಾನು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಮಕ್ಕಳ ಪುಸ್ತಕ ಒಂದನ್ನೂ ಓದಿರಲಿಲ್ಲ. ದಾಖಲೆಗೆ ಹತ್ತಿಸುತ್ತಿದ್ದೆ, ಸೀಲು ಹೊಡೆಯುತ್ತಿದ್ದೆ, ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರದ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಹುಡುಗರು ಬಂದರು. "ಅಕ್ಕಾರ, ಯಾವುದರ ಚಲೋ ಪುಸ್ತಕ ಕೊಡ್ರಿ" ಅಂದರೆ ಮೇಲಿದ್ದದ್ದು ಎತ್ತಿ ಕೊಡುತ್ತಿದ್ದೆ. ಒಬ್ಬ ಮರುದಿನವೇ ತಂದು ಮೇಜಿನ ಮೇಲಿಟ್ಟ. "ಇದರಾಗ ಬರೇ ಬುದ್ಧಿ ಹೇಳ್ಯಾರ್ರಿ. ಕಥಿ ಎಲ್ಲೈತಿ?" ಆ ಪುಸ್ತಕ ತೆಗೆದು ನೋಡಿದೆ. ಹುಡುಗ ಹೇಳಿದ್ದು ಖರೆ ಇತ್ತು.

ಅವತ್ತಿನಿಂದ ದಿನಾ ಐದು ಪುಸ್ತಕ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯತೊಡಗಿದೆ. ಚಿತ್ರದ ಪುಸ್ತಕ ಓದಲು ಐದು ನಿಮಿಷ ಸಾಕು, ರೊಟ್ಟಿ ಹಂಚು ಕಾಯುವುದರೊಳಗೆ ಒಂದು ಮುಗಿಯುತ್ತದೆ. ಇನ್ನೂರು ಪುಟದ ಒಂದು ನೋಟಬುಕ್ ಇಟ್ಟೆ. ಪುಸ್ತಕದ ಹೆಸರು, ಪುಟಕ್ಕೆ ಎಷ್ಟು ಸಾಲು, ನಕ್ಕೆನೋ ಇಲ್ಲವೋ, ಮತ್ತು ಕೊನೆಗೆ, ನಮ್ಮೂರಲ್ಲಿ ಇದನ್ನು ಯಾರಿಗೆ ಕೊಡಬೇಕು. ಹುಡುಗನ ಹೆಸರೇ ಬರೆಯಬೇಕು, 'ಆರನೇ ಇಯತ್ತೆಯವರಿಗೆ' ಅಂತ ಬರೆದರೆ ಲೆಕ್ಕಕ್ಕಿಲ್ಲ. ಗ್ರಂಥಾಲಯ ವಿಜ್ಞಾನದ ಹಿರಿಯ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳನ್ನು ನಾವು ಪರೀಕ್ಷೆಗೆ ಉರು ಹೊಡೆದಿರುತ್ತೇವೆ, ಅದರಲ್ಲಿ ಎರಡು: ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ. ನನಗೆ ಅದರ ಅರ್ಥ ಆದದ್ದು ಆ ಕೊನೆಯ ಕಾಲಮ್ಮು ತುಂಬಿಸುವಾಗ. ತಂಗಿ, ಯಾವ ಕೋರ್ಸಿಗೆ ಅರ್ಜಿ ಹಾಕುವುದಕ್ಕೂ ಮೊದಲು ನೂರು ಪುಸ್ತಕ ಹೀಗೆ ಓದಿ.

ನಿಮ್ಮಲ್ಲಿ ನೂರು ಮಕ್ಕಳ ಪುಸ್ತಕ ಇರಲಿಕ್ಕಿಲ್ಲ, ಗೊತ್ತು. ಮಕ್ಕಳ ಪುಸ್ತಕ ತೆಗೆಯುವ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣ ಇದೆ. ಕನ್ನಡದ ಕಥೆಗಳು ಮೊಬೈಲಿನಲ್ಲೇ ಓದಲು ಸಿಗುತ್ತವೆ, ಓದುವ ಮಟ್ಟ ನಾಲ್ಕಾಗಿ ವಿಂಗಡಿಸಿಟ್ಟಿದ್ದಾರೆ, ಇಳಿಸಿಕೊಂಡು ಪ್ರಿಂಟ್ ತೆಗೆಯುವುದಕ್ಕೂ ಪರವಾನಗಿ ಉಂಟು. ನಾನು ಮೊದಲ ಸಲ ಪಂಚಾಯಿತಿ ಪ್ರಿಂಟರಿನಲ್ಲಿ ತೆಗೆದೆ, ಅದು ಕಪ್ಪು-ಬಿಳುಪಿನದು. ಹುಲಿಯ ಪುಟ ತಿರುವಿದ ಕೂಡಲೇ ಒಂದು ಹುಡುಗಿ, "ಅಕ್ಕಾರ, ಈ ಹುಲಿ ಮಸಿ ಹತ್ತಿದಂಗೈತ್ರಿ" ಅಂದಳು. ಕ್ರೇಯಾನ್ ಕೊಟ್ಟು ನೀವೇ ಬಣ್ಣ ಹಾಕಿರಿ ಅಂದೆ. ಒಂದು ಪುಟದಲ್ಲಿ ಹುಲಿ ಹಳದಿ, ಮುಂದಿನ ಪುಟದಲ್ಲಿ ಇಳಕಲ್ ಸೀರೆಯ ಸೆರಗಿನಂಥ ಕೆಂಪು. ಇವತ್ತಿಗೂ ನಮ್ಮಲ್ಲಿ ಅತಿ ಹೆಚ್ಚು ಸಲ ಹೋಗಿ ಬಂದ ಪುಸ್ತಕ ಅದೇ, ಹೊಲಿಗೆ ಮೂರು ಸಲ ಹಾಕಿದ್ದೇನೆ.

ಇನ್ನೊಂದು ಸಂಗತಿ. ಪುಸ್ತಕದ ಕನ್ನಡ ನಮ್ಮ ಹುಡುಗರ ಮನೆಯ ಕನ್ನಡವಲ್ಲ. 'ಅಮ್ಮ ಮನೆಯಲ್ಲಿ ಇಲ್ಲ' ಅಂತ ಅಚ್ಚಾಗಿರುತ್ತದೆ, ಹುಡುಗನಿಗೆ 'ಅವ್ವ ಮನ್ಯಾಗಿಲ್ಲ'. ಗಟ್ಟಿಯಾಗಿ ಓದುವಾಗ ಮೊದಲ ಸಲ ನಮ್ಮ ಮಾತಿನಲ್ಲಿ ಹೇಳಿಬಿಡಿ, ಎರಡನೇ ಸಲ ಅಚ್ಚಿನಲ್ಲಿದ್ದ ಹಾಗೆ ಓದಿ. ನಿಮ್ಮ ಕಡೆ ತಾಂಡಾದ ಮಕ್ಕಳಿದ್ದರೆ ಅವರಲ್ಲೇ ಒಬ್ಬ ದೊಡ್ಡ ಹುಡುಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಲಂಬಾಣಿಯಲ್ಲಿ ಹೇಳಿಸಿ. ಓದುವಾಗ ಪುಸ್ತಕ ನಿಮ್ಮ ಮುಖದ ಮುಂದೆ ಹಿಡಿಯಬೇಡಿ, ಹೆಗಲ ಪಕ್ಕಕ್ಕೆ ಹಿಡಿದು ಚಿತ್ರ ಅವರ ಕಡೆ ಮಾಡಿ. ಹೆಬ್ಬೆರಳು ಚಿತ್ರದ ಮೇಲೆ ಬರಬಾರದು. ಪುಟ ತಿರುವುವ ಮುನ್ನ ಒಂದು ಉಸಿರು ನಿಲ್ಲಿ. ಮುಗಿದ ಮೇಲೆ 'ಈ ಕಥೆಯಿಂದ ಏನು ಕಲಿತಿರಿ' ಅಂತ ಮಾತ್ರ ಕೇಳಬೇಡಿ. ಅದನ್ನು ಸಾಲಿಯಲ್ಲಿ ಕೇಳುತ್ತಾರೆ.

ಪುಸ್ತಕ ಜೋಡಿಸಲು ಬೆಂಗಳೂರಿನ ಹಿಪ್ಪೋಕ್ಯಾಂಪಸ್ ಸಂಸ್ಥೆಯವರ ಬಣ್ಣದ ಪದ್ಧತಿ ಸಲೀಸು: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಹಸಿರು ಅತಿ ಸುಲಭ, ಹಳದಿ ಕಠಿಣ. ಬಣ್ಣದ ಚೀಟಿ ಅಂಟಿಸಿದರೆ ಹುಡುಗರೇ ತಮ್ಮ ಪುಸ್ತಕ ಹುಡುಕಿಕೊಳ್ಳುತ್ತಾರೆ. ಆದರೆ ಇದರಲ್ಲೇ ನಾನು ಒಂದು ಕಡೆ ಎಡವಿದೆ. ಹತ್ತನೇ ಇಯತ್ತೆಯ ಒಬ್ಬ ಹುಡುಗ, ಸಾಲಿ ಬಿಟ್ಟ ಮೇಲೆ ಮನೆಯಲ್ಲಿ ಮಗ್ಗಕ್ಕೆ ಕಂಡಿಕಿ (ನೂಲಿನ ಉರುಳೆ) ಸುತ್ತಿ ಆಮೇಲೆ ಬರುವವನು, ಹಸಿರು ಚೀಟಿಯ ಪುಸ್ತಕವನ್ನೇ ಒಯ್ಯುತ್ತಿದ್ದ. "ತಂಗಿಗ್ರಿ" ಅನ್ನುತ್ತಿದ್ದ. ಅವನಿಗೆ ತಂಗಿಯೇ ಇಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಓದು ಹಿಂದೆ ಬಿದ್ದವನಿಗೆ ನನ್ನ ಹಸಿರು ಚೀಟಿ ಎಲ್ಲರೆದುರಿಗೆ ಅಂಕಪಟ್ಟಿ ಹಿಡಿದ ಹಾಗೆ ಆಗಿತ್ತು. ಈಗ ಚೀಟಿ ಹಿಂಬದಿಯ ರಟ್ಟಿನ ಒಳಗಿರುತ್ತದೆ. ಜೊತೆಗೆ 'ತಮ್ಮ-ತಂಗಿಗೆ ಓದಿ ಹೇಳಿ' ಅಂತ ಬೋರ್ಡು ಬರೆದು ಒಂದು ಸಾಲು ಬೇರೆ ಮಾಡಿದ್ದೇನೆ. ತಮ್ಮ-ತಂಗಿ ಇರಲಿ ಬಿಡಲಿ, ದೊಡ್ಡ ಹುಡುಗರು ಅಲ್ಲಿಂದ ಧೈರ್ಯವಾಗಿ ಒಯ್ಯುತ್ತಾರೆ.

ಹೈಸ್ಕೂಲಿನವರದು ಬೇರೆಯೇ ಪಾಡು. ಇರುವ ಒಂದು ಮೇಜನ್ನು ಪೊಲೀಸ್ ಪೇದೆ, ಎಫ್.ಡಿ.ಎ. ಗುಮಾಸ್ತ ಇಂಥ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಅಣ್ಣಂದಿರು ಹಿಡಿದಿರುತ್ತಾರೆ, ಸಣ್ಣವರು ಪಿಸುಗುಟ್ಟಿದರೂ ಗದರುತ್ತಾರೆ. ಅವರ ತಪ್ಪಲ್ಲ, ಅವರಿಗೂ ಬೇರೆ ಜಾಗವಿಲ್ಲ. ವೇಳೆ ಹಂಚಿರಿ. ನಮ್ಮಲ್ಲಿ ಸಂಜೆ ಒಂದು ತಾಸು ಮಕ್ಕಳದು, ಆಗ ಗದ್ದಲಕ್ಕೆ ಮಾಫಿ. ಮೊಬೈಲಿನಲ್ಲಿ ಓದುವವರಿಗೆ ನ್ಯಾಷನಲ್ ಬುಕ್ ಟ್ರಸ್ಟಿನವರ ರಾಷ್ಟ್ರೀಯ ಇ-ಪುಸ್ತಕಾಲಯ ತೋರಿಸಿ. 3ರಿಂದ 8, 8ರಿಂದ 11, 11ರಿಂದ 14, 14ರಿಂದ 18 ಅಂತ ವಯಸ್ಸಿನ ಪ್ರಕಾರ ವಿಂಗಡಣೆ ಇದೆ, ಪುಕ್ಕಟೆ.

ಒಂದು ಮಾತು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಪುಸ್ತಕ ಕೊಡುವ ರಜಿಸ್ಟರು ನಮ್ಮಲ್ಲಿ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಹೆಣ್ಣುಮಕ್ಕಳ ದೇಹ, ಮುಟ್ಟು ಇದರ ಬಗ್ಗೆ ಒಂದು ಪುಸ್ತಕ ಒಯ್ದಳು. ಪೇಪರ್ ಓದಲು ಬಂದ ಅವಳ ಓಣಿಯ ಹಿರಿಯರೊಬ್ಬರು ರಜಿಸ್ಟರಿನ ಮೇಲೆ ಕಣ್ಣಾಡಿಸಿ, ಸಂಜೆ ಅವಳ ಮನೆಗೆ ಹೋಗಿ ಹೇಳಿದರು. ಪುಸ್ತಕ ಅವಳ ತಮ್ಮನ ಕೈಯಲ್ಲಿ ವಾಪಸ್ ಬಂತು. ಹುಡುಗಿ ಬರಲೇ ಇಲ್ಲ. ಈಗ ರಜಿಸ್ಟರು ಡ್ರಾವರಿನಲ್ಲಿ, ಕೀಲಿ ನನ್ನ ಸೆರಗಿನಲ್ಲಿ. ಯಾರು ಏನು ಓದಿದರು ಅಂತ ಅವ್ವ-ಅಪ್ಪ ಕೇಳಿದರೂ 'ಅವಳನ್ನೇ ಕೇಳ್ರಿ' ಅನ್ನುತ್ತೇನೆ. ಆಮೇಲೆ ತಿಳಿಯಿತು, ಅಮೆರಿಕದ ಗ್ರಂಥಾಲಯ ಸಂಘದವರು ಓದುಗರ ಗುಟ್ಟು ಕಾಯುವ ಮಾತನ್ನು 2019ರಲ್ಲಿ ತಮ್ಮ 'ಗ್ರಂಥಾಲಯ ಹಕ್ಕುಗಳ ಘೋಷಣೆ'ಗೇ ಸೇರಿಸಿದ್ದಾರೆ, ಅದರಲ್ಲಿ ವಯಸ್ಸಿನ ಭೇದವಿಲ್ಲ.

ಇಂಗ್ಲಿಷ್ ಸ್ವಲ್ಪ ಬಂದರೆ ಅವರಿಂದ ಕಲಿಯುವುದು ಬಹಳ ಇದೆ. ಆ ಸಂಘದಲ್ಲಿ ಮಕ್ಕಳಿಗೆ ಎ.ಎಲ್.ಎಸ್.ಸಿ., 12ರಿಂದ 18 ವರ್ಷದವರಿಗೆ ಯಾಲ್ಸಾ ಅಂತ ಎರಡು ಬೇರೆ ವಿಭಾಗಗಳೇ ಇವೆ. ವೆಬ್‌ಜಂಕ್ಷನ್ ಎಂಬ ಜಾಲತಾಣದಲ್ಲಿ ಗ್ರಂಥಪಾಲಕರಿಗೆ ಪುಕ್ಕಟೆ ಪಾಠಗಳಿವೆ. ಜಗತ್ತಿನ ಗ್ರಂಥಾಲಯ ಸಂಘಗಳ ಒಕ್ಕೂಟವಾದ ಇಫ್ಲಾ ಸಂಸ್ಥೆಯ ಮಾರ್ಗಸೂಚಿ ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಓದುಗರಿಗೆ ಗ್ರಂಥಾಲಯ ಹೇಗಿರಬೇಕು ಅಂತ ಹೇಳುತ್ತದೆ. ನಾನು ನಮ್ಮ ಅಕ್ಕನ ಮಗನನ್ನು ಕೂಡಿಸಿಕೊಂಡು ಮೊಬೈಲಿನಲ್ಲಿ ಅನುವಾದ ಮಾಡಿಸುತ್ತ ಓದಿದೆ. ಎ.ಸಿ. ಹಾಲು, ಬೊಂಬೆಯಾಟದ ವೇದಿಕೆ ಇಂಥವನ್ನು ಬಿಟ್ಟು ಮುಂದೆ ಹೋಗಿ. ಮಗುವಿನ ಜೊತೆ ಮಾತಾಡು, ಹಾಡು, ಓದು, ಬರಿ, ಆಡು ಅಂತ ಅಮೆರಿಕದ ಸಂಘದವರು ಹೇಳುವ ಐದು ಕೆಲಸಕ್ಕೆ ನಮ್ಮ ಅಂಗನವಾಡಿಯ ಜಮಖಾನೆ ಸಾಕು.

ನಮ್ಮ ದೇಶದಲ್ಲಿ, ಮಕ್ಕಳ ಗ್ರಂಥಾಲಯಕ್ಕೆಂದೇ ಇರುವ ಕೋರ್ಸುಗಳ ಪೈಕಿ ಟಾಟಾ ಟ್ರಸ್ಟ್ಸ್‌ನವರ ಮಕ್ಕಳ ಸಾಹಿತ್ಯದ ಕಾರ್ಯಕ್ರಮವಾದ ಪರಾಗ್ ನಡೆಸುವುದಕ್ಕೆ ಒಳ್ಳೆಯ ಹೆಸರಿದೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮಾಡಬೇಕು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾದಲ್ಲಿ ಬುಕ್‌ವರ್ಮ್ ಅಂತ ಮಕ್ಕಳ ಗ್ರಂಥಾಲಯ ಇದೆ. ಗೋವಾಕ್ಕೆ ಹೋಗುವ ಸಂದರ್ಭ ಬಂದರೆ ಸಮುದ್ರ ಒಂದು ತಾಸು ಕಡಿಮೆ ನೋಡಿ, ಇದನ್ನು ನೋಡಿ ಬನ್ನಿ.

ಕೊನೆಗೆ ದುಡ್ಡು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಗ್ರಂಥಾಲಯ ಕರ ಅಂತ ಒಂದಿದೆ, ಆಸ್ತಿ ತೆರಿಗೆಯ ಮೇಲೆ ಶೇ. 6ರಂತೆ. ನಿಮ್ಮೂರಲ್ಲಿ ಎಷ್ಟು ವಸೂಲಾಯಿತು, ಎಲ್ಲಿ ಹೋಯಿತು ಅಂತ ಪಿಡಿಒ ಅವರನ್ನು ಮರ್ಯಾದೆಯಿಂದ ಕೇಳಿ. ಆದರೆ ಬಾಯಿಮಾತಿನಲ್ಲಿ ಬೇಡ. ನಾನು ಬಾಯಿಮಾತಿನಲ್ಲಿ ಎರಡು ವರ್ಷ ಕೇಳಿದ ಪುಸ್ತಕದ ರ‍್ಯಾಕು, ಅರ್ಜಿ ಬರೆದು ಒಳಬರುವ ಟಪಾಲಿನ ನಂಬರು ಹಾಕಿಸಿಕೊಂಡ ಮೇಲೆ ನಲವತ್ತು ದಿನದಲ್ಲಿ ಬಂತು. ರ‍್ಯಾಕು ಕೇಳುವಾಗ ಎತ್ತರವನ್ನೂ ಬರೆಯಿರಿ, ಮೂರೂವರೆ ಅಡಿ. ಬರೆಯದಿದ್ದರೆ ಏಳು ಅಡಿಯದು ತಂದಿಳಿಸುತ್ತಾರೆ, ಆಮೇಲೆ ಹುಡುಗರು ಸ್ಟೂಲು ಹತ್ತಬೇಕಾಗುತ್ತದೆ.