ಟಿವಿ ಗೇಮಿನಲ್ಲಿ ಕೇಳಿದ ಮಾರಿಯೋ ಸಂಗೀತ ಯೂಟ್ಯೂಬಿನಲ್ಲಿ ಬೇರೆ ಥರ ಕೇಳುವುದು ಏಕೆ?

ಗಂಗಾವತಿಯಿಂದ ನೀವು ಕೇಳಿದ್ದು ಇಷ್ಟು: ಚಿಕ್ಕವರಿದ್ದಾಗ ಕ್ಯಾಸೆಟ್ ಹಾಕಿ ಆಡುತ್ತಿದ್ದ ಟಿವಿ ಗೇಮಿನಲ್ಲಿ ಮಾರಿಯೋ ಸಂಗೀತ ನಿಧಾನವಾಗಿತ್ತು, ದನಿಯೂ ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗಿತ್ತು, ಈಗ ಯೂಟ್ಯೂಬಿನಲ್ಲಿ ಅದು ಅವಸರದಲ್ಲಿ ಓಡುತ್ತದೆ. ನೆನಪು ತಪ್ಪೋ, ಡಬ್ಬ ಡೂಪ್ಲಿಕೇಟ್ ಆಗಿದ್ದಕ್ಕೋ? ಗೇಮ್ ಸಂಗೀತದಲ್ಲಿ ಇಂಥ ಬೇರೆ ಸಂಗತಿಗಳಿದ್ದರೆ ಅವನ್ನೂ ಹೇಳಿ ಎಂದಿದ್ದೀರಿ.

ನೆನಪು ಸರಿಯಾಗಿಯೇ ಇದೆ ನೋಡ್ರಿ. ನೀವು ಕೇಳಿದ್ದು ನಿಜಕ್ಕೂ ನಿಧಾನ, ಅದೂ ಲೆಕ್ಕ ಹಾಕಿ ಹೇಳಬಹುದಾದಷ್ಟು: ವೇಗದಲ್ಲಿ ಆರನೇ ಒಂದು ಪಾಲು ಕಡಿಮೆ. ಯೂಟ್ಯೂಬಿನಲ್ಲಿ 3 ನಿಮಿಷಕ್ಕೆ ಮುಗಿಯುವ ಸಂಗೀತಕ್ಕೆ ನಿಮ್ಮ ಡಬ್ಬ 3 ನಿಮಿಷ 36 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು.

ಆ ಕ್ಯಾಸೆಟ್ಟಿನ ಒಳಗೆ ರೆಕಾರ್ಡ್ ಮಾಡಿದ ಹಾಡು ಇರುವುದಿಲ್ಲ. 1985ರ ಮೊದಲ ಮಾರಿಯೋ ಆಟ ಚಿತ್ರ, ಸಂಗೀತ, ಆಟ ಎಲ್ಲ ಸೇರಿ 40 ಕೆಬಿ. ಅಷ್ಟರಲ್ಲಿ ರೆಕಾರ್ಡಿಂಗ್ ಹಿಡಿಸುವ ಮಾತೇ ಇಲ್ಲ. ಇರುವುದು ಬರೀ ಪಟ್ಟಿ: ಈ ಸ್ವರವನ್ನು ಇಷ್ಟು ಫ್ರೇಮ್ ಹಿಡಿ, ಆಮೇಲೆ ಆ ಸ್ವರವನ್ನು ಇಷ್ಟು ಫ್ರೇಮ್. ಫ್ರೇಮ್ ಎಂದರೆ ಟಿವಿ ಪರದೆಯ ಮೇಲೆ ಚಿತ್ರ ಒಮ್ಮೆ ಬಿಡಿಸಿ ಮುಗಿಯುವ ಹೊತ್ತು. ಜಪಾನ್ ಮತ್ತು ಅಮೆರಿಕದ ಟಿವಿಗಳಲ್ಲಿ ಸೆಕೆಂಡಿಗೆ ಸುಮಾರು 60 ಸಲ, ನಮ್ಮ ಪಾಲ್ ಎಂಬ ಪದ್ಧತಿಯ ಟಿವಿಗಳಲ್ಲಿ 50 ಸಲ. ಮಾರಿಯೋಗೆ ಸಂಗೀತ ಕೊಟ್ಟ ಕೋಜಿ ಕೊಂಡೊ ಅವರ ಸಂಗೀತವನ್ನು 60ಕ್ಕೆ ಲೆಕ್ಕ ಹಾಕಿ ಕೂರಿಸಿದ್ದು. ನಮ್ಮಲ್ಲಿ ಬಂದದ್ದು ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಯಂತ್ರದ ನಕಲಿ ಡಬ್ಬಗಳು, ಅವು ಅದೇ ಜಪಾನೀ ಪಟ್ಟಿಯನ್ನು 50ರ ಲೆಕ್ಕದಲ್ಲಿ ಓದುತ್ತಿದ್ದವು. ಹಾಗಾಗಿ ಸಂಗೀತವಷ್ಟೇ ಅಲ್ಲ, ಮಾರಿಯೋ ಓಡುವುದು, ಆಮೆ ನಡೆಯುವುದು, ಎಲ್ಲವೂ ನಿಧಾನ. ಇಲ್ಲಿ ಕಲಿತವರಿಗೆ ಈಗ ಅಸಲಿ ಆಟ ಕೈಗೆ ಸಿಗದಷ್ಟು ಚುರುಕು ಎನಿಸುವುದು ಅದಕ್ಕೇ.

50 ಎಂಬ ಅಂಕಿ ಬಂದದ್ದು ಕರೆಂಟಿನಿಂದ. ಹಳೆಯ ಕಾಲದ ಟಿವಿಗಳಲ್ಲಿ ಕರೆಂಟಿನ ಆವರ್ತನಕ್ಕೂ ಚಿತ್ರದ ವೇಗಕ್ಕೂ ತಾಳ ತಪ್ಪಿದರೆ ಪರದೆಯ ಮೇಲೆ ಪಟ್ಟೆ ತೇಲುತ್ತಿತ್ತು, ಆದ್ದರಿಂದ ಎರಡನ್ನೂ ಒಂದೇ ಮಾಡಿಟ್ಟರು. ರಾಯಚೂರಿನ ಶಕ್ತಿನಗರದಲ್ಲಿ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದಲ್ಲ, ಅದೂ ಇದೇ 50. ಹಾಗಂತ ಡಬ್ಬದ ವೇಗ ಗೋಡೆಯ ಕರೆಂಟಿನಿಂದ ಬರುವುದಿಲ್ಲ, ಒಳಗೆ ತಾಳ ಹಾಕುವ ಕ್ರಿಸ್ಟಲ್‌ನಿಂದ ಬರುತ್ತದೆ. ವೋಲ್ಟೇಜ್ ಕಮ್ಮಿ ಇದ್ದದ್ದಕ್ಕೆ ಹಾಡು ನಿಧಾನ ಆಯಿತು ಎನ್ನುವವರು ಈಗಲೂ ಇದ್ದಾರೆ. ಅದು ಸುಳ್ಳು. ವೋಲ್ಟೇಜ್ ಕಮ್ಮಿಯಾದರೆ ಆಟ ಕೆಟ್ಟು ನಿಲ್ಲುತ್ತದೆ, ಲಯ ಇಳಿಯುವುದಿಲ್ಲ.

ಲಯ ಇಳಿದರೂ ಶ್ರುತಿ ಯಾಕೆ ಇಳಿಯಲಿಲ್ಲ ಎನ್ನುವುದು ಇನ್ನೂ ಸ್ವಾರಸ್ಯ. ಲಯವನ್ನು ಫ್ರೇಮ್ ನಿರ್ಧರಿಸಿದರೆ, ಶ್ರುತಿಯನ್ನು ಪ್ರೊಸೆಸರ್ ಗಡಿಯಾರ ನಿರ್ಧರಿಸುತ್ತದೆ. ಮುಖ್ಯ ರಾಗದ ಸ್ವರಗಳಿಗೆ ಗಡಿಯಾರದ ವೇಗವನ್ನು 16ರಿಂದ, ಆಮೇಲೆ ಆ ಸ್ವರಕ್ಕೆ ಆಟ ಕೊಡುವ ಅಂಕಿಗೆ ಒಂದು ಕೂಡಿಸಿ ಅದರಿಂದ ಭಾಗಿಸಿದರೆ ಆ ಸ್ವರದ ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವುದು, ಸಿಗುತ್ತದೆ. ಜಪಾನೀ ಯಂತ್ರದ ಗಡಿಯಾರ 1.7898 ಮೆಗಾಹರ್ಟ್ಜ್, ಅಂಕಿ 253 ಕೊಟ್ಟರೆ 440 ಹರ್ಟ್ಜ್ ಬರುತ್ತದೆ. ಯೂರೋಪಿನ ಅಸಲಿ ಯಂತ್ರದ್ದು 1.6626 ಮೆಗಾಹರ್ಟ್ಜ್, ಅದೇ ಅಂಕಿಗೆ 409 ಹರ್ಟ್ಜ್, ಅಂದರೆ ಹಾರ್ಮೋನಿಯಂನಲ್ಲಿ ಒಂದು ಕೀ ಕೆಳಗೆ ಇಳಿದು ಇನ್ನೂ ಸ್ವಲ್ಪ. ಪಾಲ್ ಟಿವಿಗೆ ಮಾಡಿದ ತೈವಾನೀ ನಕಲಿ ಚಿಪ್ಪಿನ ಗಡಿಯಾರ 1.7734 ಮೆಗಾಹರ್ಟ್ಜ್, ಅದರಲ್ಲಿ 436 ಹರ್ಟ್ಜ್. ಪಕ್ಕಪಕ್ಕ ಇಟ್ಟು ಕೇಳದಿದ್ದರೆ ಗೊತ್ತಾಗುವುದು ಕಷ್ಟ. ಅಂದರೆ ಶ್ರುತಿಯ ಮಟ್ಟಿಗೆ ಯೂರೋಪಿನ ಅಸಲಿಗಿಂತ ನಮ್ಮ ನಕಲಿಯೇ ಮೂಲಕ್ಕೆ ಹತ್ತಿರ. ನನ್ನ ಪ್ರಕಾರ ಆ ಚಿಪ್ ಮಾಡಿದವರಿಗೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ.

ಇನ್ನು ಮೂಗಿನ ದನಿ. ಅಸಲಿ ಚಿಪ್ಪಿನಲ್ಲಿ, ರಿಕೋ 2ಎ03 ಎಂದು ಅದರ ಹೆಸರು, ಐದು ಚಾನೆಲ್, ಅಂದರೆ ಒಟ್ಟಿಗೆ ನುಡಿಯಬಲ್ಲ ಐದು ದನಿ: ಎರಡು ಪಲ್ಸ್, ಒಂದು ತ್ರಿಕೋನ ಅಲೆ, ಒಂದು ಗದ್ದಲ, ಒಂದು ಪುಟ್ಟ ರೆಕಾರ್ಡಿಂಗ್ ಓದುವ ಡಿಪಿಸಿಎಂ. ಪಲ್ಸ್ ಅಲೆ ಪ್ರತಿ ಸುತ್ತಿನಲ್ಲಿ ಎಷ್ಟು ಹೊತ್ತು ಮೇಲಿರಬೇಕು ಎನ್ನುವುದನ್ನು 12.5%, 25%, 50%, 75% ಎಂದು ಆರಿಸಬಹುದು. 50% ಇಟ್ಟರೆ ದನಿ ಟೊಳ್ಳು, ದುಂಡು. 25% ಇಟ್ಟರೆ ತೆಳು, ಮೂಗು ಮೂಗು. 75% ಎನ್ನುವುದು 25%ರ ತಲೆಕೆಳಗಾದ ರೂಪ, ಕಿವಿಗೆ ಎರಡೂ ಒಂದೇ. ಎಷ್ಟೋ ನಕಲಿ ಚಿಪ್ಪುಗಳಲ್ಲಿ 25% ಮತ್ತು 50% ಅದಲುಬದಲು ಆಗಿವೆ. ಮಾರಿಯೋ ರಾಗ 50%ಗೆ ಬರೆದದ್ದು. ಅಂಥ ಡಬ್ಬದಲ್ಲಿ ಅದು 25% ಆಗಿ ನುಡಿಯಿತು. ನೀವು ಹೇಳುವ ಮೂಗಿನ ದನಿ ಇದೇ.

ಪರೀಕ್ಷೆ ಮಾಡಿಯೇ ನಂಬುತ್ತೇನೆ ಎಂದರೆ ಸುಲಭದ ದಾರಿ ಮಾರಿಯೋ ಆಟದ ಟೈಮ್. ಅದು 24 ಫ್ರೇಮಿಗೆ ಒಂದು ಅಂಕಿ ಇಳಿಯುತ್ತದೆ. ಆಟ ಶುರುವಾದ ಮೇಲೆ ಮಾರಿಯೋನನ್ನು ನಿಂತಲ್ಲೇ ನಿಲ್ಲಿಸಬೇಡಿ, ಎದುರಿಂದ ಬರುವವನನ್ನು ತುಳಿದು ಆಮೇಲೆ ನಿಲ್ಲಿಸಿ. 350ರಿಂದ 250ಕ್ಕೆ ಬರಲು ಎಷ್ಟು ಹೊತ್ತಾಯಿತು ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ. 40 ಸೆಕೆಂಡ್ ಆದರೆ 60ರ ಯಂತ್ರ, 48 ಆದರೆ 50ರದ್ದು. ಹಳೆಯ ಡಬ್ಬ ಅಟ್ಟದ ಮೇಲೆ ಇನ್ನೂ ಇದ್ದರೆ ಇದು ಸಾಕು. ಆದರೆ ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ಈ ಡಬ್ಬಗಳಲ್ಲಿ ಪ್ಲಸ್ ಒಳಗೋ ಹೊರಗೋ ಎನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಮೈಮೇಲಿನ ಗುರುತು ನೋಡಿ, ಇಲ್ಲವಾದರೆ ಬಿಚ್ಚಿ ಒಳಗಿನ, 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್‌ನ ಮೊದಲ ಕಾಲಿಗೆ ಪ್ಲಸ್ ಹೋಗುತ್ತದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದಿದ್ದರೆ ಸಾಮಾನ್ಯವಾಗಿ ಆ ರೆಗ್ಯುಲೇಟರ್ ಪಕ್ಕದ ದೊಡ್ಡ ಕೆಪಾಸಿಟರ್ ಒಣಗಿರುತ್ತದೆ.

ಡಬ್ಬ ಇಲ್ಲದವರಿಗೆ ಕಂಪ್ಯೂಟರಿನಲ್ಲಿ ಮೆಸೆನ್ ಎಂಬ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆಯೇ ನಡೆಯುವ ಸಾಫ್ಟ್‌ವೇರ್, ಒಳ್ಳೆಯದು. ಅದರಲ್ಲಿ ರೀಜನ್ ಎಂಬಲ್ಲಿ ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ 60ರ ಪದ್ಧತಿ), ಪಾಲ್ ಜತೆಗೆ ಡೆಂಡಿ ಎಂಬ ಮೂರನೆಯ ಆಯ್ಕೆ ಇದೆ. ಡೆಂಡಿ ರಷ್ಯಾದಲ್ಲಿ ಮಾರುತ್ತಿದ್ದ ನಕಲಿ ಯಂತ್ರ, ನಮ್ಮವೂ ಆ ಜಾತಿಯವೇ. ಅದನ್ನು ಆರಿಸಿ, ಆಡಿಯೋ ಸೆಟ್ಟಿಂಗಿನಲ್ಲಿ ಡ್ಯೂಟಿ ಸೈಕಲ್ (ಮೇಲೆ ಹೇಳಿದ 25%, 50%) ಅದಲುಬದಲು ಮಾಡುವ ಗುರುತು ಹಾಕಿದರೆ ನಿಮ್ಮ ಗಂಗಾವತಿಯ ಸಂಗೀತ ಬರುತ್ತದೆ. ಪಾಲ್ ಆರಿಸಿದರೆ ತಪ್ಪುತ್ತದೆ, ಶ್ರುತಿಯೂ ಇಳಿಯುತ್ತದೆ.

ಬರೀ ಹಾಡಿನ ಫೈಲ್ ಇದ್ದರೆ ಅಡಾಸಿಟಿ ಎಂಬ ಆಡಿಯೋ ಎಡಿಟರಿನಲ್ಲಿ ತೆರೆದು ಚೇಂಜ್ ಟೆಂಪೋದಲ್ಲಿ ಮೈನಸ್ 16.667 ಕೊಡಿ. ಅದರ ಹತ್ತಿರವೇ ಇರುವ ಚೇಂಜ್ ಸ್ಪೀಡ್ ಮುಟ್ಟಬೇಡಿ, ಅದು ಲಯದ ಜತೆ ಶ್ರುತಿಯನ್ನೂ ಮೂರು ಅರ್ಧಸ್ವರಕ್ಕಿಂತ ಹೆಚ್ಚು ಕೆಳಗೆ ಎಳೆಯುತ್ತದೆ. ನಿಮ್ಮ ಡಬ್ಬದಿಂದಲೇ ರೆಕಾರ್ಡ್ ಮಾಡುವುದಾದರೆ ಆಡಿಯೋ ಪಿನ್ನನ್ನು ಲೈನ್ ಇನ್‌ಗೆ ಹಾಕಿ. ಮೈಕ್ ರಂಧ್ರಕ್ಕೆ ಹಾಕಿದರೆ ಸದ್ದು ಒಡೆಯುತ್ತದೆ. ಆಮೇಲೆ ಒಂದೇ ಸ್ವರ ಉದ್ದವಾಗಿ ಹಿಡಿದಿರುವ ತುಣುಕನ್ನು ಆರಿಸಿ ಪ್ಲಾಟ್ ಸ್ಪೆಕ್ಟ್ರಂ ನೋಡಿ. ಮೂಲ ಸ್ವರದ 2, 4, 6 ಪಟ್ಟು ಹರ್ಟ್ಜ್ ಇರುವ ಜಾಗದಲ್ಲಿ ಶಿಖರ ಇಲ್ಲದಿದ್ದರೆ 50%. 2 ಮತ್ತು 3 ಇದ್ದು 4 ಮಾತ್ರ ಮಾಯವಾಗಿದ್ದರೆ 25%. ಮೊದಲು ಮಾಯವಾಗುವುದು 8 ಆದರೆ 12.5%. ಹಿಂದೆ ತ್ರಿಕೋನದ ಮಂದ್ರ ಸ್ವರ ನುಡಿಯುತ್ತಿದ್ದರೆ ಅದರ ಶಿಖರಗಳೂ ನಡುವೆ ಬರುತ್ತವೆ, ಗೊಂದಲ ಮಾಡಿಕೊಳ್ಳಬೇಡಿ.

ಬೇರೆ ಸಂಗತಿಗಳನ್ನೂ ಕೇಳಿದ್ದೀರಿ. ಇದೇ ಯಂತ್ರದ್ದು ಮೊದಲು.

ಐದೇ ಚಾನೆಲ್ ಇರುವುದರಿಂದ ಆಟದ ಸದ್ದಿಗೆ ಬೇರೆ ಜಾಗ ಇಲ್ಲ. ಮಾರಿಯೋ ಜಿಗಿದಾಗ ಆ ಸದ್ದು ಎರಡು ಪಲ್ಸ್‌ಗಳಲ್ಲಿ ಒಂದನ್ನು ಕಸಿದುಕೊಳ್ಳುತ್ತದೆ, ಅಷ್ಟು ಹೊತ್ತು ಅಲ್ಲಿ ನುಡಿಯಬೇಕಾದ ಸ್ವರ ಕೇಳುವುದೇ ಇಲ್ಲ. ಸಂಗೀತ ನಿಲ್ಲುವುದಿಲ್ಲ, ಲೆಕ್ಕ ಒಳಗೆ ಓಡುತ್ತಲೇ ಇರುತ್ತದೆ. ಸದ್ದು ಮುಗಿದಾಗ ರಾಗ ತಾನಿರಬೇಕಾದ ಜಾಗದಿಂದಲೇ ಮುಂದುವರಿಯುತ್ತದೆ. ಸುಮ್ಮನೆ ನಿಂತು ಕೇಳಿ, ಆಮೇಲೆ ಬಿಡದೆ ಜಿಗಿಯುತ್ತಾ ಕೇಳಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಇನ್ನು ತ್ರಿಕೋನದ ಚಾನೆಲ್ಲಿಗೆ ವಾಲ್ಯೂಮ್ ಇಲ್ಲ: ಒಂದೋ ಪೂರ್ತಿ, ಇಲ್ಲವೇ ಮೌನ. ಅದಕ್ಕೇ ಆ ಕಾಲದ ಆಟಗಳಲ್ಲಿ ಮಂದ್ರ ಸ್ವರ ಎಂದೂ ಮೆಲ್ಲಗೆ ಕರಗುವುದಿಲ್ಲ, ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಸಂಗೀತವೇ ಬಟನ್ ಒತ್ತಿದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಡಿಪಿಸಿಎಂ ಚಾನೆಲ್ ಡ್ರಮ್ ಸದ್ದನ್ನು ಮೆಮೊರಿಯಿಂದ ಎಳೆದುಕೊಳ್ಳುವಾಗ ಪ್ರೊಸೆಸರನ್ನು ಕ್ಷಣ ತಡೆಯುತ್ತದೆ. ಅದೇ ಕ್ಷಣದಲ್ಲಿ ಪ್ರೊಸೆಸರ್ ರಿಮೋಟಿನ ಬಟನ್‌ಗಳನ್ನು ಒಂದೊಂದಾಗಿ ಓದುತ್ತಿದ್ದರೆ, ಜಪಾನ್ ಮತ್ತು ಅಮೆರಿಕದ ಯಂತ್ರಗಳಲ್ಲಿ ಒಂದು ಬಟನ್ ಲೆಕ್ಕ ತಪ್ಪಿ, ಯಾರೂ ಒತ್ತದ ಬಟನ್ ಒತ್ತಿದಂತೆ ಕಾಣುತ್ತಿತ್ತು. 1988ರ ಮೂರನೆಯ ಮಾರಿಯೋದಲ್ಲಿ ಡ್ರಮ್ಮಿಗೆ ಈ ಚಾನೆಲ್ಲನ್ನು ಬಳಸಿದ್ದಾರೆ. ಅದಕ್ಕೆ ಆ ಆಟ ಬಟನ್‌ಗಳನ್ನು ಮತ್ತೆ ಮತ್ತೆ ಓದಿ, ಸತತ ಎರಡು ಸಲ ಒಂದೇ ಉತ್ತರ ಬಂದರೆ ಮಾತ್ರ ನಂಬುತ್ತದೆ.

ಜಪಾನೀ ಯಂತ್ರದ ಕ್ಯಾಸೆಟ್ಟಿಗೆ 60 ಪಿನ್, ನಮ್ಮ ಹಳದಿ ಕ್ಯಾಸೆಟ್ಟುಗಳದ್ದೂ ಅಷ್ಟೇ. ಅದರಲ್ಲಿ ಎರಡು ಪಿನ್ ಯಂತ್ರದ ಸದ್ದನ್ನು ಕ್ಯಾಸೆಟ್ಟಿನೊಳಗೆ ಹಾಯಿಸಿ ಹೊರತರಲು ಮೀಸಲು. ಕ್ಯಾಸೆಟ್ ತನ್ನದೇ ಚಿಪ್ಪಿನ ಸದ್ದನ್ನು ಬೆರೆಸಬಹುದು. 1989ರಲ್ಲಿ ಜಪಾನಿನಲ್ಲಿ ಬಂದ ಮೂರನೆಯ ಕ್ಯಾಸಲ್‌ವೇನಿಯಾ ಎಂಬ ಆಟ ಹೀಗೆ ಮೂರು ಚಾನೆಲ್ ಹೆಚ್ಚಿಗೆ ಪಡೆಯಿತು. ಅಮೆರಿಕದ ಯಂತ್ರದ ಕ್ಯಾಸೆಟ್ಟಿಗೆ 72 ಪಿನ್ ಇದ್ದರೂ ಈ ದಾರಿ ಇರಲಿಲ್ಲ; ಅಲ್ಲಿಗೆ ಅದೇ ಸಂಗೀತವನ್ನು ಐದು ಚಾನೆಲ್ಲಿಗೆ ಇಳಿಸಿ ಕೊಟ್ಟರು. ಎರಡನ್ನೂ ಪಕ್ಕಪಕ್ಕ ಕೇಳಿ, ಜಪಾನಿನದ್ದೇ ತುಂಬು.

ಮುಂದಿನ ಸೂಪರ್ ನಿಂಟೆಂಡೊದ ಸದ್ದಿನ ಚಿಪ್ ಸೋನಿಯದ್ದು, ರೂಪಿಸಿದವರು ಆಮೇಲೆ ಪ್ಲೇಸ್ಟೇಷನ್ ಕಟ್ಟಿದ ಕೆನ್ ಕುತರಗಿ. ಅದಕ್ಕಿದ್ದ ಮೆಮೊರಿ 64 ಕೆಬಿ. 9 ಬೈಟಿಗೆ 16 ಸ್ಯಾಂಪಲ್ (ಸದ್ದಿನ ಒಂದೊಂದು ಕ್ಷಣದ ಅಳತೆ), ಸೆಕೆಂಡಿಗೆ 32,000 ಸ್ಯಾಂಪಲ್ ಎಂದು ಲೆಕ್ಕ ಹಾಕಿದರೆ ಒಟ್ಟು ಮೂರೂವರೆ ಸೆಕೆಂಡಿನ ಸದ್ದು. ಆ ಆಟಗಳಲ್ಲಿ ಕೇಳುವ ವಾದ್ಯಮೇಳವೆಲ್ಲ ಇಷ್ಟರಲ್ಲೇ ಕತ್ತರಿಸಿ, ಸುತ್ತಿಸಿ, ಶ್ರುತಿ ಏರಿಸಿ ಇಳಿಸಿ ಮಾಡಿದ್ದು.

ಬಳ್ಳಾರಿ, ಸಿಂಧನೂರು ಕಡೆ ಸೈಬರ್ ಕೆಫೆಗಳಲ್ಲಿ ಆಡುತ್ತಿದ್ದ ಜಿಟಿಎ ವೈಸ್ ಸಿಟಿಗೆ ಬೇರೆ ಥರದ ತೊಂದರೆ. ಅದರ ರೇಡಿಯೋ ಹಾಡುಗಳು ಪರವಾನಗಿ ಪಡೆದ ಅಸಲಿ ಹಾಡುಗಳು, ಪರವಾನಗಿಗೆ ಅವಧಿ ಇದೆ. 2002ರ ಆಟದ 2012ರ ನಂತರದ ಪ್ರತಿಗಳಲ್ಲಿ ಮೈಕೆಲ್ ಜಾಕ್ಸನ್ ಹಾಡುಗಳೂ ಸೇರಿ ಹಲವು ಇಲ್ಲ. ನಾಲ್ಕನೆಯ ಜಿಟಿಎಗೆ ಇದೇ ಗತಿ 2018ರಲ್ಲಿ ಬಂತು. ಇದಕ್ಕೆ ಮದ್ದು ಆಟದಲ್ಲೇ ಇದೆ. ವೈಸ್ ಸಿಟಿ ಇನ್‌ಸ್ಟಾಲ್ ಆದ ಫೋಲ್ಡರಿನೊಳಗೆ ಎಂಪಿ3 ಎಂಬ ಫೋಲ್ಡರ್ ಇದೆ. ನಿಮಗೆ ಬೇಕಾದ ಹಾಡು ಅಲ್ಲಿ ಹಾಕಿ ಆಟ ಮತ್ತೆ ತೆರೆದರೆ ಕಾರಿನ ರೇಡಿಯೋದಲ್ಲಿ ಒಂದು ಸ್ಟೇಷನ್ ಹೆಚ್ಚಾಗುತ್ತದೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಹಾಡುಗಳನ್ನು ಇನ್‌ಸ್ಟಾಲ್ ಫೋಲ್ಡರಿಗೆ ಹಾಕಿ ಬರುತ್ತಿಲ್ಲ ಎನ್ನುವವರು ಬಹಳ. ಅದರದ್ದು ಮೈ ಡಾಕ್ಯುಮೆಂಟ್ಸ್ ಒಳಗಿನ ಯೂಸರ್ ಫೈಲ್ಸ್, ಅದರೊಳಗಿನ ಯೂಸರ್ ಟ್ರ್ಯಾಕ್ಸ್. ಹಾಡು ಹಾಕಿದ ಮೇಲೆ ಆಟದ ಆಡಿಯೋ ಸೆಟಪ್‌ನಲ್ಲಿ ಸ್ಕ್ಯಾನ್ ಯೂಸರ್ ಟ್ರ್ಯಾಕ್ಸ್ ಒತ್ತಿ.