ಹತಕೆಯಾಮಾ ಊರಿನ ಕಡೆ ತಿರುಗಿದ್ದು ಯಾಕೆ?

ಸುಣ್ಣದಕಲ್ಲಿನ ಕ್ವಾರಿಗಳ ಫೋಟೋ ತೆಗೆಯುತ್ತಿದ್ದ ಜಪಾನಿನ ಛಾಯಾಗ್ರಾಹಕ ನವೊಯಾ ಹತಕೆಯಾಮಾ 2011ರ ನಂತರ ತಮ್ಮ ಊರಿನ ಫೋಟೋಗಳಿಗೆ ಯಾಕೆ ಇಳಿದರು ಅಂತ ಕೇಳಿದ್ದೀರಿ. ಅವರು 1958ರಲ್ಲಿ ಹುಟ್ಟಿದ್ದು ಇವಾತೆ ಪ್ರಾಂತ್ಯದ ರಿಕುಝೆನ್‌ತಕಾತಾದಲ್ಲಿ. 2011ರ ಮಾರ್ಚ್ 11ರ ಸುನಾಮಿ ಆ ಊರನ್ನು ಕೊಚ್ಚಿಕೊಂಡು ಹೋಯಿತು. ಅವರ ತಾಯಿಯೂ ತೀರಿಕೊಂಡರು.

ಆದರೆ ಇದು ಹೊಸ ದಾರಿ ಅಂತ ನನಗೆ ಅನ್ನಿಸುವುದಿಲ್ಲ. ಊರಿನ ಕೆಸೆನ್ ನದಿಯ ಸುತ್ತಮುತ್ತ ಅವರು ಮೊದಲೇ ಫೋಟೋ ತೆಗೆದಿದ್ದರು, ತಮಗೋಸ್ಕರ. ಊರು ಹೋದ ಮೇಲೆ ಅವುಗಳ ತೂಕವೇ ಬೇರೆಯಾಯಿತು.

1995ರಲ್ಲಿ ಶುರುವಾದ, ಕ್ವಾರಿಯ ಸ್ಫೋಟಗಳ 'ಬ್ಲಾಸ್ಟ್' ಸರಣಿಯನ್ನೇ ನೋಡಿ. ಬಂಡೆ ಸಿಡಿದು ಚೂರುಗಳು ನಮ್ಮ ಮುಖಕ್ಕೇ ಬರುವಂತಿವೆ. ಕಲ್ಲು ಎತ್ತ ಹಾರುತ್ತದೆ ಅಂತ ಸಿಡಿಮದ್ದಿನ ತಜ್ಞರು ಮೊದಲೇ ಹೇಳುತ್ತಿದ್ದರು. ಹತಕೆಯಾಮಾ ಕ್ಯಾಮೆರಾವನ್ನು ಸ್ಫೋಟದ ಹತ್ತಿರ ಇಟ್ಟು, ದೂರದಿಂದ ರಿಮೋಟ್ ಒತ್ತುತ್ತಿದ್ದರು. ಎಷ್ಟು ತಾಳ್ಮೆ ಬೇಕು, ಅಲ್ವಾ? ನಗರದ ಕಾಂಕ್ರೀಟೆಲ್ಲ ಇಂಥ ಬೆಟ್ಟ ಕರಗಿಸಿಯೇ ಬಂದದ್ದು ಅನ್ನುವುದು ಅವರ ಕೆಲಸದ ತಿರುಳು. ನೆಲ ಬದಲಾಗುವುದನ್ನು ಕಣ್ಣು ಮಿಟುಕಿಸದೆ ನೋಡುವ ಆ ಅಭ್ಯಾಸವೇ ಅವರನ್ನು ಸುನಾಮಿಯ ನಂತರವೂ ಊರಿಗೆ ಮತ್ತೆ ಮತ್ತೆ ಕರೆದೊಯ್ದಿತು ಅಂತ ನನ್ನ ನಂಬಿಕೆ.

ಶುರು ಮಾಡುವುದಾದರೆ ಟೋಕಿಯೋದ ಕಾಲುವೆಗಳ 'ರಿವರ್ ಸೀರೀಸ್' ನೋಡಿ. ಚೌಕಟ್ಟಿನ ಅರ್ಧ ಕಟ್ಟಡಗಳು, ಕೆಳಗಿನ ಅರ್ಧ ನೀರು. ಆಮೇಲೆ ಊರಿನ ಫೋಟೋಗಳಿಗೆ ಬನ್ನಿ.